ಸಹಾಯ ಬೇಕು: ಸ್ಲೂಯಿಸ್ ಬಾಕ್ಸ್ ತೊಳೆಯುವಾಗ ಸಣ್ಣ ಚಿನ್ನ ಎಲ್ಲಿ ಮಾಯವಾಗುತ್ತಿದೆ?

ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿದ್ದೇನೆ. ಮೈನರ್ಸ್ ರೈಟ್ (ಚಿನ್ನ ಹುಡುಕಲು ಇಲ್ಲಿ ಬೇಕಾದ ಪರವಾನಗಿ) ಮಾಡಿಸಿಕೊಂಡು ರಜೆ ದಿನ ಜೇಮಿಸನ್ ಕಡೆ ಹೊಳೆಯಲ್ಲಿ ಚಿನ್ನ ಹುಡುಕುವುದು ಹೊಸ ಹುಚ್ಚು. ತಾತ ಕೆಜಿಎಫ್ ಗಣಿಯಲ್ಲಿದ್ದವರು, ಆದರೆ ಅಲ್ಲಿ ಬಂಡೆ ಒಡೆದು ತೆಗೆಯುವ ಚಿನ್ನ, ಇಲ್ಲಿ ಮರಳಲ್ಲಿ ಸಿಗುವುದು, ಹಾಗಾಗಿ ಅವರ ಕಥೆಗಳು ಯಾವುದೂ ಉಪಯೋಗಕ್ಕೆ ಬರಲಿಲ್ಲ!

ಸ್ಲೂಯಿಸ್ ಬಾಕ್ಸ್ ಅಂದರೆ ಹರಿಯುವ ನೀರಲ್ಲಿ ಇಟ್ಟು, ಮಣ್ಣು ಹಾಕಿ ಚಿನ್ನ ಬೇರ್ಪಡಿಸುವ ಉದ್ದನೆಯ ತೊಟ್ಟಿ. ನನ್ನದು ಚಿಕ್ಕ ಅಲ್ಯೂಮಿನಿಯಂ ಬಾಕ್ಸ್, ಒಳಗೆ ಅಡ್ಡಪಟ್ಟಿ, ಕೆಳಗೆ ಮ್ಯಾಟ್. ಮಣ್ಣನ್ನು ಜರಡಿ ಹಿಡಿದೇ ಹಾಕುತ್ತೇನೆ. ಒಂದೆರಡು ಗಂಟೆಯಲ್ಲಿ ಪಟ್ಟಿಗಳ ಹಿಂದೆ ಕಪ್ಪು ಮರಳು ಗಟ್ಟಿಯಾಗಿ ಕೂತುಬಿಡುತ್ತದೆ. ಆಗ ಬಾಕ್ಸನ್ನು ನೀರಿನಿಂದ ಎತ್ತಿ, ಮ್ಯಾಟ್ ಬಿಚ್ಚಿ ಬಕೆಟ್‌ನಲ್ಲಿ ತೊಳೆಯುತ್ತೇನೆ. ಮೇಲ್ತುದಿಯಲ್ಲಿ ಕಣ್ಣಾರೆ ಕಂಡ ಕಣಗಳಲ್ಲಿ ಅರ್ಧವೂ ಬಕೆಟ್‌ನಲ್ಲಿ ಇರುವುದಿಲ್ಲ.

ಮ್ಯಾಟನ್ನು ಎರಡೆರಡು ಸಲ ತೊಳೆದೆ. ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆಡಿಸಿದೆ, ಮ್ಯಾಗ್ನೆಟೈಟ್ (ಮ್ಯಾಗ್ನೆಟ್ಟಿಗೆ ಅಂಟುವ ಕಬ್ಬಿಣದ ಅದಿರು) ಬಂತು, ಉಳಿದ ಕಪ್ಪು ಮರಳು ಹಾಗೇ ಇತ್ತು. ಪಾತ್ರೆ ತೊಳೆಯುವ ಸೋಪು ಒಂದು ತೊಟ್ಟು ಹಾಕಿದಾಗ ತೇಲುತ್ತಿದ್ದ ಪುಡಿಚಿನ್ನ ಮುಳುಗಿತು, ಅಷ್ಟೇ ಲಾಭ. ಪಾದರಸ ಹಾಕು ಅಂತ ಒಬ್ಬರು ಹೇಳಿದರು, ಆ ವಿಷ ನನಗೆ ಬೇಡವೇ ಬೇಡ.

ನನ್ನ ಅನುಮಾನ ಬಾಕ್ಸ್ ಎತ್ತುವ ಕ್ಷಣದ ಮೇಲೆ. ಎತ್ತುವಾಗ ನೀರು ಒಮ್ಮೆಲೇ ನುಗ್ಗಿ ಹಿಂದಿನಿಂದ ಸುರಿಯುತ್ತದೆ. ಆದರೆ ಚಿನ್ನದ ಸಾಂದ್ರತೆ 19.3, ಕಪ್ಪು ಮರಳಿನದು 5ರ ಆಸುಪಾಸು, ಅಷ್ಟು ಭಾರದ್ದು ಹೋಗಬಾರದು ಅಲ್ವಾ?

ಅನುಭವ ಇರುವವರು ಹೇಳಿ: ಎತ್ತುವ ಮೊದಲು ಬಾಯಿಗೆ ಕಲ್ಲು ಅಡ್ಡ ಇಟ್ಟು ನೀರು ಕಡಿಮೆ ಮಾಡಬೇಕಾ, ಅಥವಾ ಮರಳು ಗಟ್ಟಿಯಾಗುವ ಮುಂಚೆಯೇ, ಅರ್ಧ ಗಂಟೆಗೊಮ್ಮೆ ತೊಳೆಯಬೇಕಾ?