ಸಹಾಯ ಬೇಕು: ಮೊಬೈಲಿನಲ್ಲಿ ರಾತ್ರಿಯ ದೃಶ್ಯ, ಹಳೆಯ ಬಾಗಿಲಿನ ಮನೆ

ನಮಸ್ಕಾರ. ಪದವಿಯ ಪ್ರಾಜೆಕ್ಟಿಗಾಗಿ ನಾವು ನಾಲ್ವರು ಭಯಾನಕ ಥ್ರಿಲ್ಲರ್ ಒಂದರ ಮೊದಲ ಎರಡು ನಿಮಿಷಗಳನ್ನಷ್ಟೇ ಚಿತ್ರೀಕರಿಸಬೇಕು. ರಾತ್ರಿ ಮನೆಗೆ ಬರುವ ದೆವ್ವ ಮರಳಿ ಹೋಗಲೆಂದು ಬೆಂಗಳೂರಿನ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರೆಂದು ಹೇಳುವ 1990ರ ದಶಕದ ಕಥೆ. ತಾಯಿಯ ದನಿಯಲ್ಲಿ ಯಾರೋ ಕರೆಯುತ್ತಾರೆ, ಹುಡುಗಿ ಚಿಲಕಕ್ಕೆ ಕೈ ಹಾಕುತ್ತಾಳೆ, ಶೀರ್ಷಿಕೆ ಬರುತ್ತದೆ. ದೆವ್ವವನ್ನು ತೋರಿಸುವುದಿಲ್ಲ, ಬಿಳಿ ಸೀರೆ, ಗೆಜ್ಜೆ ಸದ್ದು ನೋಡಿ ನೋಡಿ ಸಾಕಾಗಿದೆ.

ತೊಡಕು ಬೆಳಕಿನದು. ಟ್ಯೂಬ್‌ಲೈಟಿನ ಮಿನುಗು ಶಟರ್ ವೇಗವನ್ನು 1/50 ಸೆಕೆಂಡಿಗೆ ಇಟ್ಟ ಮೇಲೆ ನಿಂತಿತು. ಆದರೆ ಹೊರಗಿನ ಕತ್ತಲೆಲ್ಲ ಕಾಳುಕಾಳಾಗಿ ಕಾಣುತ್ತದೆ. ಮುಸ್ಸಂಜೆಯಲ್ಲೇ ಚಿತ್ರೀಕರಿಸಿ, ವೈಟ್ ಬ್ಯಾಲೆನ್ಸನ್ನು (ಕ್ಯಾಮೆರಾದ ಬಣ್ಣದ ಹೊಂದಾಣಿಕೆ) 3200 ಕೆಲ್ವಿನ್‌ಗೆ ಇಳಿಸಿ ನೀಲಿಯಾಗಿಸಿದರೆ ರಾತ್ರಿಯೆಂದು ನಂಬಿಸಬಹುದೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಬೆಂಗಳೂರಿನಲ್ಲಿ ಹಳೆಯ ಮರದ ಬಾಗಿಲಿನ ಮನೆ ಒಂದು ಸಂಜೆಗೆ ಸಿಕ್ಕರೆ ಇನ್ನೂ ಉಪಕಾರ. ಸೀಮೆಸುಣ್ಣದಲ್ಲಿ ಬರೆದು, ಒರೆಸಿಯೇ ಹೊರಡುತ್ತೇವೆ.