ಟೊಮೇಟೊ ಸಸಿಗಳು ಬುಡದಲ್ಲೇ ಮಡಚಿ ಬೀಳುತ್ತಿವೆ, ಮಿಶ್ರಣದ ತಪ್ಪಾ?

ಚಿಗುರು:
ಎಲ್ಲರಿಗೂ ನಮಸ್ಕಾರ. ಟೊಮೇಟೊ, ಬದನೆ, ಮೆಣಸಿನಕಾಯಿ ಬೀಜ ಟ್ರೇಯಲ್ಲಿ ಹಾಕಿದ್ದೇನೆ. ಅರ್ಧ ತೋಟದ ಮಣ್ಣು, ಅರ್ಧ ಮನೆಯಲ್ಲೇ ಮಾಡಿದ ಕಾಂಪೋಸ್ಟ್. ಟೊಮೇಟೊ, ಬದನೆ ಚೆನ್ನಾಗಿಯೇ ಮೊಳೆತವು. ಈಗ ಟೊಮೇಟೊ ಸಸಿಗಳು ಒಂದೊಂದಾಗಿ ಅಡ್ಡ ಬೀಳುತ್ತಿವೆ. ಎಲೆ ಇನ್ನೂ ಹಸಿರಾಗಿದೆ, ಬುಡ ಮಾತ್ರ ದಾರದಷ್ಟು ಸಣ್ಣಗಾಗಿದೆ. ಮೆಣಸಿನಕಾಯಿ ಮೇಲೆ ಬಂದೇ ಇಲ್ಲ. ಮೇಲ್ಮಣ್ಣು ಒಣಗಿದರೆ ಹೆಪ್ಪುಗಟ್ಟುತ್ತದೆ, ಅದಕ್ಕೇ ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೀರು ಹಾಕುತ್ತಿದ್ದೇನೆ. ಗೊಬ್ಬರ ಸಾಲದೆ ಹೀಗಾಗುತ್ತಿದೆಯಾ? ಬೀಜ ಮೊಳೆಸಲು ಯಾವ ಮಿಶ್ರಣ ಒಳ್ಳೆಯದು?

ತಾಯಿಬೇರು:
ಗೊಬ್ಬರದ ಕೊರತೆ ಅಲ್ಲ. ದಯವಿಟ್ಟು ಈಗ ಗೊಬ್ಬರ ಹಾಕಲೇಬೇಡಿ. ಬೀಜ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿರುತ್ತದೆ. ಮೊದಲ ನಿಜವಾದ ಎಲೆ (ಬೀಜದೆಲೆಗಳ ನಂತರ ಬರುವ ಎಲೆ) ಮೂಡುವವರೆಗೆ ಅದಕ್ಕೆ ಬೇಕಾಗಿರುವುದು ನೀರು, ಗಾಳಿ, ಬೆಚ್ಚಗಿನ ಜಾಗ, ಮೊಳೆತ ಮೇಲೆ ಬೆಳಕು. ಅಷ್ಟೇ.

ಎಲೆ ಹಸಿರಿರುವಾಗಲೇ ಬುಡ ಸಣ್ಣಗಾಗಿ ಸಸಿ ಮಲಗಿದರೆ ಅದು ಸಸಿ ಸಾಯುವ ರೋಗ. ಪಿಥಿಯಂ, ರೈಜೋಕ್ಟೋನಿಯಾ ಅನ್ನುವ ಸೂಕ್ಷ್ಮಜೀವಿಗಳ ಕೆಲಸ. ತೋಟದ ಮಣ್ಣಿನಲ್ಲಿ ಇವು ಸಾಮಾನ್ಯ. ಬಲಿತ ಗಿಡ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ, ಆದರೆ ಯಾವಾಗಲೂ ಒದ್ದೆ ಇರುವ ಜಾಗದಲ್ಲಿ ಎಳೆ ಕಾಂಡ ಸಿಕ್ಕಿದರೆ ಇವು ಬಿಡುವುದಿಲ್ಲ. ಬಿದ್ದ ಸಸಿಗಳು ಏಳುವುದಿಲ್ಲ. ಸುತ್ತಲಿನ ಮಣ್ಣಿನ ಸಮೇತ ತೆಗೆದುಬಿಡಿ.

ಮೆಣಸಿನಕಾಯಿ ವಿಷಯ ಬೇರೆ ಇರಬಹುದು. ಅದು ಮೊದಲೇ ನಿಧಾನ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೂ ಒಂದೆರಡು ವಾರ ಬೇಕು, ತಂಪಿದ್ದರೆ ಇನ್ನೂ ಜಾಸ್ತಿ. ಒಂದು ಬೀಜ ಕೆದಕಿ ತೆಗೆದು ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಿದ್ದರೆ ಕಾಯಿರಿ. ಪಿಚಕ್ ಅಂತ ಒಡೆದು ಒಳಗಿನದೆಲ್ಲ ಲೋಳೆಯಾಗಿ ಬಂದರೆ ಕೊಳೆತಿದೆ ಅಂತಲೇ ಅರ್ಥ.

ಇನ್ನು ಮಿಶ್ರಣ. ಅದೇ ಮಣ್ಣು ನೆಲದಲ್ಲಿ ಚೆನ್ನಾಗಿರುತ್ತದೆ, ಟ್ರೇಯಲ್ಲಿ ಯಾಕೆ ಕೈಕೊಡುತ್ತದೆ? ನೆಲದಲ್ಲಿ ನೀರು ಆಳಕ್ಕೆ ಇಳಿದು ಹೋಗುತ್ತದೆ. ಟ್ರೇಯ ಕುಳಿ ನಾಲ್ಕೈದು ಸೆಂಟಿಮೀಟರ್ ಆಳ ಇರಬಹುದು. ತಳದಲ್ಲಿ ತೂತಿದ್ದರೂ ಕೆಳಗಿನ ಪದರ ನೀರನ್ನು ಹಿಡಿದು ನಿಲ್ಲುತ್ತದೆ. ಮಣ್ಣು ನುಣುಪಾದಷ್ಟೂ ಆ ಒದ್ದೆ ಪದರ ಎತ್ತರ. ಬೇರಿಗೆ ಉಸಿರಾಡಲು ಗಾಳಿಯೇ ಸಿಗುವುದಿಲ್ಲ. ತಳಕ್ಕೆ ಜಲ್ಲಿ ಹಾಕಿದರೆ ಸರಿಹೋಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಸರಿಹೋಗಲ್ಲ. ಒದ್ದೆ ಪದರ ಜಲ್ಲಿಯ ಮೇಲೆ ಬಂದು ಕೂರುತ್ತದೆ, ಅಂದರೆ ಬೇರಿಗೆ ಇನ್ನೂ ಹತ್ತಿರ.

ನಾನು ಹಾಕುವುದು 3 ಭಾಗ ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ), 1 ಭಾಗ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಕಲ್ಲಿನ ಹರಳು), 1 ಭಾಗ ವರ್ಮಿಕ್ಯುಲೈಟ್ (ಕಾಯಿಸಿ ಉಬ್ಬಿಸಿದ, ಪದರ ಪದರವಾದ ಖನಿಜ). ತೂಕ ಅಲ್ಲ, ಅಳತೆ. ಒಂದೇ ಡಬ್ಬದಲ್ಲಿ ಅಳೆಯಿರಿ. ಕೋಕೋಪೀಟ್ ನೀರು ಹಿಡಿಯುತ್ತದೆ, ಪರ್ಲೈಟ್ ಗಾಳಿಗೆ ಜಾಗ ಬಿಡುತ್ತದೆ, ವರ್ಮಿಕ್ಯುಲೈಟ್ ನೀರಿನ ಜೊತೆ ಪೋಷಕಾಂಶವನ್ನೂ ಸ್ವಲ್ಪ ಹಿಡಿದಿಡುತ್ತದೆ. ಪರ್ಲೈಟ್ ದೂಳು ಮೂಗಿಗೆ ಹೋಗದಂತೆ ಮೊದಲು ನೀರು ಚಿಮುಕಿಸಿ. ಅದು ಸಿಗದಿದ್ದರೆ ತೊಳೆದ ದಪ್ಪ ಮರಳು ನಡೆಯುತ್ತದೆ. ಸಣ್ಣ ಮರಳು ಬೇಡ, ಅದು ಇದ್ದಬದ್ದ ಸಂದುಗಳನ್ನೂ ಮುಚ್ಚುತ್ತದೆ.

ಕೋಕೋಪೀಟ್ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಒತ್ತಿ ಇಟ್ಟಿಗೆಯಂತೆ ಮಾಡಿ ಮಾರುತ್ತಾರೆ, ಕೆಲವು ಇಟ್ಟಿಗೆಗಳಲ್ಲಿ ಉಪ್ಪಿನಂಶ ಜಾಸ್ತಿ ಇರುತ್ತದೆ. ನೆನೆಸಿ, ಹಿಂಡಿ, ಆ ನೀರು ಚೆಲ್ಲಿ. ಎರಡು ಮೂರು ಸಲ ಹೀಗೆ ಮಾಡಿ. ತೊಳೆದು ಸಿದ್ಧಪಡಿಸಿದ್ದು ಅಂತ ಪೊಟ್ಟಣದ ಮೇಲಿದ್ದರೂ ನಾನು ಒಮ್ಮೆ ತೊಳೆದೇ ಬಳಸುತ್ತೇನೆ.

ಮಣ್ಣಿನವರು:
ಮಾಹಿತಿ ಚೆನ್ನಾಗಿದೆ, ಆದರೆ ಮಣ್ಣು ಬೇಡವೇ ಬೇಡ ಅನ್ನುವುದು ಸರಿಯಲ್ಲ ಅಲ್ವಾ? ಇಂಗ್ಲೆಂಡಿನ ಜಾನ್ ಇನ್ಸ್ ಸಂಸ್ಥೆ 1930ರ ದಶಕದಲ್ಲಿ ರೂಪಿಸಿದ ಬೀಜದ ಮಿಶ್ರಣದಲ್ಲಿ 2 ಭಾಗ ಮಣ್ಣು, 1 ಭಾಗ ಪೀಟ್ (ಜೌಗು ನೆಲದಲ್ಲಿ ಅರ್ಧ ಕೊಳೆತ ಸಸ್ಯಗಳ ಪುಡಿ), 1 ಭಾಗ ಮರಳು ಇತ್ತು. ಅದರಲ್ಲಿ ಎಷ್ಟೋ ಸಸಿಗಳು ಬೆಳೆದಿವೆ.

ತಾಯಿಬೇರು:
ನಿಜ. ಆದರೆ ಆ ಮಣ್ಣನ್ನು ಮೊದಲು ಹಬೆಯಲ್ಲಿ ಬಿಸಿಮಾಡಿ ರೋಗಾಣುಗಳನ್ನು ಕೊಲ್ಲುತ್ತಿದ್ದರು. ಆ ವಿಧಾನದ ಜೀವಾಳವೇ ಅದು. ಮನೆಯಲ್ಲಿ ಮಾಡುವುದಾದರೆ ಹಸಿ ಮಣ್ಣು 82 ಡಿಗ್ರಿಯಲ್ಲಿ 30 ನಿಮಿಷ ಇರಬೇಕು. ಥರ್ಮಾಮೀಟರ್ ಮಣ್ಣಿನ ನಡುವೆ ಚುಚ್ಚಿ ನೋಡಿ. ಅದಕ್ಕಿಂತ ತುಂಬಾ ಬಿಸಿಯಾದರೆ ಸಸಿಗೆ ಹಾನಿ ಮಾಡುವ ವಸ್ತುಗಳು ಬಿಡುಗಡೆಯಾಗುತ್ತವೆ. ಇಷ್ಟು ತಾಳ್ಮೆ ಇದ್ದರೆ ಮಣ್ಣು ಖಂಡಿತ ಬಳಸಬಹುದು. ಹೊಸಬರಿಗೆ ನಾನು ಮಣ್ಣಿಲ್ಲದ ಮಿಶ್ರಣವನ್ನೇ ಹೇಳುತ್ತೇನೆ.

ಚಿಗುರು:
ತುಂಬಾ ಧನ್ಯವಾದ. ಮೆಣಸಿನ ಬೀಜ ಒತ್ತಿ ನೋಡಿದೆ, ಗಟ್ಟಿಯಾಗಿವೆ! ಹೊಸ ಮಿಶ್ರಣಕ್ಕೆ ನನ್ನ ಕಾಂಪೋಸ್ಟ್ ಸ್ವಲ್ಪವಾದರೂ ಸೇರಿಸಬಹುದಾ? ನೀರು ಎಷ್ಟು ಕೊಡಲಿ?

ತಾಯಿಬೇರು:
ಹಾಗಾದರೆ ಮೆಣಸಿನ ಕುಳಿಗಳನ್ನು ಮುಟ್ಟಬೇಡಿ. ನೀರು ಮಾತ್ರ ಕಮ್ಮಿ ಮಾಡಿ.

ಕಾಂಪೋಸ್ಟ್ ಪೂರ್ತಿ ಮಾಗಿದ್ದರೆ, ಜರಡಿ ಹಿಡಿದು ಐದರಲ್ಲಿ ಒಂದು ಭಾಗ ಸೇರಿಸಬಹುದು. ಮಾಗಿದೆಯೋ ಇಲ್ಲವೋ ಅಂತ ಮೊದಲು ಮೂಗೇ ಹೇಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಒಳ್ಳೆಯದು, ಮೂಗಿಗೆ ಘಾಟು ಹೊಡೆದರೆ ಇನ್ನೂ ಬೇಯಬೇಕು. ಅನುಮಾನ ಇದ್ದರೆ ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಬರೀ ಕೋಕೋಪೀಟ್, ಇನ್ನೊಂದರಲ್ಲಿ ಕಾಂಪೋಸ್ಟ್ ಸೇರಿಸಿದ ಮಿಶ್ರಣ. ಎರಡಕ್ಕೂ ಹತ್ತತ್ತು ಮೂಲಂಗಿ ಬೀಜ ಹಾಕಿ. ಒಂದು ವಾರದೊಳಗೆ ಉತ್ತರ ಸಿಗುತ್ತದೆ. ಕಾಂಪೋಸ್ಟ್ ಇರುವ ಲೋಟದಲ್ಲಿ ಮೊಳಕೆ ಕಮ್ಮಿ ಬಂದರೆ ಅಥವಾ ಬೇರಿನ ತುದಿ ಕಂದಾದರೆ ಆ ಕಾಂಪೋಸ್ಟ್ ಈಗ ಬೇಡ.

ನೀರಿಗೆ ಗಡಿಯಾರ ನೋಡಬೇಡಿ. ಮಿಶ್ರಣವನ್ನು ಟ್ರೇಗೆ ತುಂಬುವ ಮೊದಲೇ ಹದ ಮಾಡಿಕೊಳ್ಳಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಇಣುಕಬೇಕು, ಧಾರೆ ಇಳಿಯಬಾರದು. ಮುಷ್ಟಿ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಮೊಳೆತ ಮೇಲೆ ಟ್ರೇಯನ್ನು ನೀರಿರುವ ತಟ್ಟೆಯಲ್ಲಿ ಇಡಿ. ಮೇಲ್ಭಾಗದ ಬಣ್ಣ ಗಾಢವಾಗುತ್ತಿದ್ದಂತೆ ಎತ್ತಿ ಬಸಿಯಲು ಬಿಡಿ. ಮತ್ತೆ ಮೇಲ್ಭಾಗ ತಿಳಿ ಬಣ್ಣಕ್ಕೆ ತಿರುಗಿ, ಟ್ರೇ ಎತ್ತಿದರೆ ಹಗುರ ಅನ್ನಿಸುವವರೆಗೆ ನೀರು ಬೇಡ.

ಹಳೇ ಟ್ರೇಯನ್ನೇ ಬಳಸುವುದಾದರೆ ಮಣ್ಣೆಲ್ಲ ಉಜ್ಜಿ ತೊಳೆದು, 1 ಭಾಗ ಮನೆಬಳಕೆಯ ದ್ರವ ಬ್ಲೀಚ್‌ಗೆ 9 ಭಾಗ ನೀರು ಬೆರೆಸಿ 10 ನಿಮಿಷ ಮುಳುಗಿಸಿಡಿ. ಆಮೇಲೆ ಒಳ್ಳೆ ನೀರಲ್ಲಿ ತೊಳೆದು ಒಣಗಿಸಿ. ಇದನ್ನು ಮಾಡದಿದ್ದರೆ ಅದೇ ರೋಗ ಹೊಸ ಮಿಶ್ರಣಕ್ಕೂ ಬರಬಹುದು.

ನಿಜವಾದ ಎಲೆ ಒಂದು ಜೊತೆ ಬಂದ ಮೇಲೆ ಗೊಬ್ಬರದ ಮಾತು. ದ್ರವ ಗೊಬ್ಬರವಾದರೆ ಪೊಟ್ಟಣದ ಮೇಲೆ ಹೇಳಿದ್ದರ ಕಾಲು ಭಾಗ, ವಾರಕ್ಕೊಮ್ಮೆ ಸಾಕು. ಬಿದ್ದ ಟೊಮೇಟೊ ಬದಲಿಗೆ ಈಗಲೇ ಹೊಸ ಬೀಜ ಹಾಕಿಬಿಡಿ. ಬದನೆ ಸಸಿಗಳ ಬುಡದ ಒಂದು ಫೋಟೋ ಹಾಕಿದರೆ ಅವುಗಳಿಗೂ ತಗಲಿದೆಯಾ ಅಂತ ನೋಡಿ ಹೇಳುತ್ತೇನೆ.