ಹಬ್ಬದ ಮೈಕ್‌ಸೆಟ್, ಟ್ಯೂಬ್‌ಲೈಟ್: ಎಷ್ಟು ವ್ಯಾಟ್ ಬೇಕು? (ಪ್ರಶ್ನೋತ್ತರ)

ಅಡ್ಮಿನ್: ಗಣೇಶನ ಹಬ್ಬ ಹತ್ತಿರ ಬಂತು. ಮೈಕ್‌ಸೆಟ್, ಲೈಟಿಂಗ್ ಮಾಡುವ ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಇವತ್ತು ಸಂಜೆ ಉತ್ತರ ಕೊಡ್ತಾರೆ. ಊರಿನ ಹೆಸರು ಹಾಕಿ ಕೇಳಿ.

ತಿಪಟೂರು: ಅಣ್ಣ ನಮಸ್ಕಾರ. 30ಕ್ಕೆ 40 ಅಡಿ ಭವನ. ಭಜನೆ, ಭಾಷಣ ಅಷ್ಟೇ. ಅಂಗಡಿಯವರು 500 ವ್ಯಾಟ್ ಆಂಪ್ಲಿಫೈಯರ್ ತಗೊಳ್ಳಿ ಅಂತಾರೆ. ಬೇಕಾ?

ಎಲೆಕ್ಟ್ರಿಷಿಯನ್: ನಮಸ್ಕಾರ. ಅಷ್ಟು ಬೇಡ. 100 ವ್ಯಾಟ್, ಎರಡು ಕಾಲಂ ಸ್ಪೀಕರ್ ಸಾಕು. ವ್ಯಾಟ್ ಎರಡರಷ್ಟಾದರೆ ಸದ್ದು 3 ಡೆಸಿಬಲ್ ಮಾತ್ರ ಏರುತ್ತೆ, ಕಿವಿಗೆ ಅದು ತುಸು ಜಾಸ್ತಿ ಅನ್ನಿಸುತ್ತೆ ಅಷ್ಟೇ. ಡಬ್ಬದ ಮೇಲೆ ಪಿಎಂಪಿಒ (ಒಂದು ಕ್ಷಣದ ಗರಿಷ್ಠ ವ್ಯಾಟ್) ಅಂತ ಸಾವಿರಗಟ್ಟಲೆ ಬರೆದಿರ್ತಾರೆ, ಅದನ್ನು ನಂಬಬೇಡಿ. ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ನಿಜವಾದ ವ್ಯಾಟ್, ಎಷ್ಟು ಅಂತ ಕೇಳಿ.

ಗದಗ: 12 ಟ್ಯೂಬ್‌ಲೈಟ್, ಹಳೇ ತಾಮ್ರದ ಚೋಕಿನವು. ಜೊತೆಗೆ 250 ವ್ಯಾಟ್ ಆಂಪ್ಲಿಫೈಯರ್. 2 ಕೆವಿಎ ಜನರೇಟರ್ ತಡೆಯುತ್ತಾ?

ಎಲೆಕ್ಟ್ರಿಷಿಯನ್: ಕಷ್ಟ. ಟ್ಯೂಬ್ 36 ವ್ಯಾಟ್ ಅಂತ ಬರೆದಿದ್ದರೂ ಚೋಕ್ ಸೇರಿ ಸುಮಾರು 50 ಹಿಡೀರಿ. ಹನ್ನೆರಡಕ್ಕೆ 600. ಇಲ್ಲೇ ಜನ ಏಮಾರೋದು. ತಾಮ್ರದ ಚೋಕಿನ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಅರ್ಧದಷ್ಟೇ ಇರುತ್ತೆ, ಹಾಗಾಗಿ ಒಂದೊಂದು ಟ್ಯೂಬು 0.43 ಆಂಪ್ ಎಳೆಯುತ್ತೆ, ಒಟ್ಟು 5 ಆಂಪ್, ಅದನ್ನು 230 ವೋಲ್ಟಿನಿಂದ ಗುಣಿಸಿದರೆ ಜನರೇಟರ್ ಮೇಲೆ 1200 ವಿಎ ಬೀಳುತ್ತೆ. ಆಂಪ್ಲಿಫೈಯರ್‌ಗೆ ಅದರ ವ್ಯಾಟಿನ ಎರಡರಷ್ಟು ಇಡಿ, 500. ಒಟ್ಟು 1700, ನಿಮ್ಮ ಜನರೇಟರ್ 2000. ಮೀಸಲು ಹೆಚ್ಚೇನೂ ಉಳಿಯಲ್ಲ. 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಹಾಕಿಸಿ, ಇದೇ ಜನರೇಟರ್ ಆರಾಮಾಗಿ ಎಳೆಯುತ್ತೆ.

ಕುಂದಾಪುರ: ನಮ್ಮ ಭಜನಾ ಮಂದಿರದಲ್ಲಿ ಹಾಡುವಾಗ ಮೈಕ್ ತುಟಿಗೆ ತಾಗಿದರೆ ಚುರ್ರ್ ಅನ್ನುತ್ತೆ ಮಾರಾಯ್ರೇ. ಮೊದಲು ಗುಂಯ್ ಸದ್ದು ಬರ್ತಿತ್ತು, ಈಗ ಅದಿಲ್ಲ. 160 ವ್ಯಾಟ್ ಆಂಪ್ಲಿಫೈಯರ್. ವ್ಯಾಟ್ ಜಾಸ್ತಿ ಆಯ್ತಾ?

ಚಿಕ್ಕಮಗಳೂರು: ಸೀರಿಯಲ್ ಸೆಟ್‌ಗೆ ಮೀಟರಿಗೆ ಎಷ್ಟು ವ್ಯಾಟ್ ಹಿಡೀಬೇಕು?

ಎಲೆಕ್ಟ್ರಿಷಿಯನ್: ಮಿಕ್ಕವರು ಸ್ವಲ್ಪ ತಡೀರಿ. ಕುಂದಾಪುರದವರೇ, ಆ ಗುಂಯ್ ಸದ್ದು ಹೇಗೆ ಹೋಯ್ತು? ಯಾರು ಏನು ಮಾಡಿದರು?

ಕುಂದಾಪುರ: ನಮ್ಮ ಹುಡುಗರಿಗೆ ಒಂದು ಮೆಸೇಜ್ ಬಂದಿತ್ತು. ಪ್ಲಗ್ಗಿನ ದಪ್ಪ ಪಿನ್ ತೆಗೆದರೆ ಹಮ್ ನಿಲ್ಲುತ್ತೆ ಅಂತ.

ಎಲೆಕ್ಟ್ರಿಷಿಯನ್: ಈಗಲೇ ಆಂಪ್ಲಿಫೈಯರ್ ಆಫ್ ಮಾಡಿ ಪ್ಲಗ್ ಕಿತ್ತಿಡಿ. ಇದು ವ್ಯಾಟಿನ ವಿಷಯವೇ ಅಲ್ಲ. ಆ ದಪ್ಪ ಪಿನ್ನೇ ಅರ್ತ್. ಆಂಪ್ಲಿಫೈಯರ್‌ನ ಕಬ್ಬಿಣದ ಬಾಡಿ, ಮೈಕ್ ವೈರಿನ ಮೇಲಿನ ಜಾಲರಿ, ಮೈಕಿನ ಲೋಹದ ಕವಚ, ಮೂರೂ ಒಂದಕ್ಕೊಂದು ಸೇರಿವೆ. ಒಳಗೆ ಕರೆಂಟ್ ಸೋರಿದರೆ ಹಸಿರು ವೈರಿನಲ್ಲಿ ಭೂಮಿಗೆ ಹೋಗಬೇಕು. ಆ ದಾರಿ ಮುಚ್ಚಿದ್ದೀರಿ. ಈಗ ಹಾಡುವವರ ತುಟಿಯಿಂದ ಬರಿಗಾಲಿಗೆ ಇಳೀತಾ ಇದೆ. ಇವತ್ತು ಚುರ್ರ್ ಅಂತು. ಟ್ರಾನ್ಸ್‌ಫಾರ್ಮರ್ ಇನ್ಸುಲೇಷನ್ ಪೂರ್ತಿ ಹೋದ ದಿನ, ಮಳೆಗೆ ನೆಲ ಒದ್ದೆ ಇದ್ದರೆ, 230 ವೋಲ್ಟೂ ಮೈಕಿಗೇ ಬರುತ್ತೆ. ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತೆ, ಮೈಕ್ ಬಿಡೋಕೂ ಆಗಲ್ಲ.

ಗುಂಯ್ ಸದ್ದಿಗೆ ಬೇರೆ ದಾರಿ ಇದೆ. ಮಿಕ್ಸರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ. ಟ್ಯೂಬ್‌ಲೈಟ್‌ಗೆ ಬೇರೆ ಲೈನ್ ಕೊಡಿ, ಇಲ್ಲದಿದ್ದರೆ ಚೋಕ್, ಸ್ಟಾರ್ಟರ್ ಸದ್ದು ಸ್ಪೀಕರಿಗೆ ಬರುತ್ತೆ. ಮೈಕ್ ವೈರನ್ನು ಕರೆಂಟ್ ವೈರಿನ ಜೊತೆ ಕಟ್ಟಬೇಡಿ. 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಅಲ್ಲಿವರೆಗೂ ಮೈಕ್ ಇಲ್ಲದೆ ಹಾಡಿ.

ಬಳ್ಳಾರಿ: ಅಣ್ಣ, ಸಣ್ಣ ಭವನಕ್ಕೆ ಎಷ್ಟು ವ್ಯಾಟ್ ಬೇಕು?

ಎಲೆಕ್ಟ್ರಿಷಿಯನ್: ಮೇಲೆ ಹೇಳಿದ್ದೇನೆ. ಓದಿ.

ಹಾವೇರಿ: 100 ಮೀಟರ್ ದೂರದಿಂದ ಕರೆಂಟ್ ತರ್ತೀವಿ. ಟ್ಯೂಬ್ ಮಿಣುಕುತ್ತೆ.

ಎಲೆಕ್ಟ್ರಿಷಿಯನ್: ನಿಮ್ಮ ವೈರು ತೆಳ್ಳಗಿದೆ ಅನ್ಸುತ್ತೆ. 1 ಸ್ಕ್ವೇರ್ ಎಂಎಂ ತಾಮ್ರದಲ್ಲಿ 10 ಆಂಪ್ ಎಳೆದರೆ ಅಷ್ಟು ದೂರಕ್ಕೆ 35 ವೋಲ್ಟ್ ದಾರಿಯಲ್ಲೇ ಹೋಗುತ್ತೆ. 2.5 ಹಾಕಿದರೆ 15. ಕಂಬಕ್ಕೆ ಕೊಕ್ಕೆ ಹಾಕೋ ಯೋಚನೆ ಮಾಡಬೇಡಿ, ಹೆಸ್ಕಾಂನಲ್ಲಿ ತಾತ್ಕಾಲಿಕ ಸಂಪರ್ಕ ಕೇಳಿ.

ಮಂಡ್ಯ: ಫಾರ್ವರ್ಡ್ ಬಂದಿದೆ. ಫ್ಯೂಸ್ ಪದೇ ಪದೇ ಹೋದರೆ ಮೂರು ಎಳೆ ತಾಮ್ರದ ತಂತಿ ಸುತ್ತಿ, ಹಬ್ಬ ಮುಗಿಯೋವರೆಗೂ ಹೋಗಲ್ಲ.

ಎಲೆಕ್ಟ್ರಿಷಿಯನ್: ಫ್ಯೂಸ್ ಹೋಗಲ್ಲ, ವೈರು ಹತ್ತಿಕೊಳ್ಳುತ್ತೆ. ಪೆಂಡಾಲಿನಲ್ಲಿ ಬಟ್ಟೆ, ಹುಲ್ಲು, ಥರ್ಮಾಕೋಲ್ ಇರುತ್ತೆ, ಮಕ್ಕಳು ಕೂತಿರ್ತಾರೆ. ಡಿಲೀಟ್ ಮಾಡಿ.

ಮಂಡ್ಯ: ನಾನು ಬರೆದಿದ್ದಲ್ಲ, ಬಂದಿದ್ದು ಹಾಕಿದೆ.

ಎಲೆಕ್ಟ್ರಿಷಿಯನ್: ಕುಂದಾಪುರದವರಿಗೂ ಹಾಗೇ ಬಂದಿದ್ದು.

ತುಮಕೂರು: ಇಷ್ಟೆಲ್ಲ ವ್ಯಾಟ್ ಯಾಕೆ? ನಮ್ಮ ಬೀದಿಯಲ್ಲಿ ಹೋದ ವರ್ಷ ರಾತ್ರಿ 1 ಗಂಟೆವರೆಗೂ ಹಾರ್ನ್ ಸ್ಪೀಕರ್ ಹಾಕಿದ್ರು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕಬಾರದು ಅಂತ 2000ನೇ ಇಸವಿಯ ನಿಯಮವೇ ಇದೆ.

ದಾವಣಗೆರೆ: ಹಬ್ಬಕ್ಕೆ 12ರವರೆಗೂ ಅನುಮತಿ ಕೊಡ್ತಾರೆ. ವರ್ಷಕ್ಕೊಂದು ಹಬ್ಬ, ಅದಕ್ಕೂ ತಕರಾರಾ?

ತುಮಕೂರು: ಸರ್ಕಾರ ಹೇಳಿದ ದಿನಗಳಿಗೆ ಮಾತ್ರ, ವರ್ಷಕ್ಕೆ 15 ದಿನ ಮೀರಬಾರದು. 1 ಗಂಟೆಗೆ ಯಾರೂ ಅನುಮತಿ ಕೊಡಲ್ಲ. ನಮ್ಮ ತಾಯಿ ಹೃದಯದ ಆಪರೇಷನ್ ಆಗಿ ಮಲಗಿದ್ದರು ಸ್ವಾಮಿ. ಕಿಟಕಿ ಗಾಜು ನಡುಗ್ತಿತ್ತು.

ದಾವಣಗೆರೆ: ಹೋಗಿ ಹೇಳಬೇಕಿತ್ತು. ಇಲ್ಲಿ ಬಂದು ಯಾಕೆ ಹೇಳ್ತೀರಿ?

ತುಮಕೂರು: ಮೂರು ಸಲ ಹೋಗಿದ್ದೆ. ನಿಮ್ಮಂಥವರೇ ಇದ್ದರು.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಚಿಕ್ಕಮಗಳೂರು: ಸೀರಿಯಲ್ ಸೆಟ್ ಬಗ್ಗೆ ಕೇಳಿದ್ದೆ.

ಬೀದರ್: 100 ವ್ಯಾಟ್ ಸಾಕಾ, 200 ತಗೊಳ್ಳಲಾ?

ಎಲೆಕ್ಟ್ರಿಷಿಯನ್: ಜಾಗ ಎಷ್ಟು ದೊಡ್ಡದು ಅಂತ ಹೇಳದೆ ಕೇಳಬೇಡಿ. ಕುಂದಾಪುರದವರು ಎಲ್ಲಿ? ಪ್ಲಗ್ ತೆಗೆದ್ರಾ ಇಲ್ವಾ?

ಕುಂದಾಪುರ: ತೆಗೆದೆ ಅಣ್ಣ. ಬಿಚ್ಚಿ ನೋಡಿದೆ. ದಪ್ಪ ಪಿನ್ ಜಾಗ ಖಾಲಿ. ಹಸಿರು ವೈರನ್ನು ಮಡಚಿ ಕಪ್ಪು ಟೇಪ್ ಸುತ್ತಿದ್ದಾರೆ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಬಂದು ಮೀಟರ್ ಇಟ್ಟು ನೋಡಿದ್ರು, ಸಾಕೆಟ್‌ನಲ್ಲಿ ಅರ್ತ್ ಸರಿಯಾಗಿದೆ ಅಂದ್ರು.

ಎಲೆಕ್ಟ್ರಿಷಿಯನ್: ಒಳ್ಳೇದಾಯ್ತು. ಹೊಸ ತ್ರೀ ಪಿನ್ ಹಾಕಿಸಿ, ಹಸಿರು ವೈರು ಬಿಗಿಯಾಗಿ ಕೂರಲಿ. ಆಮೇಲೂ ಚುರ್ರ್ ಅಂದರೆ, ಇಲ್ಲ ಆರ್‌ಸಿಸಿಬಿ ಬಿದ್ದರೆ, ಸೋರಿಕೆ ಆಂಪ್ಲಿಫೈಯರ್ ಒಳಗಿದೆ, ರಿಪೇರಿ ಆಗೋವರೆಗೂ ಮುಟ್ಟಬೇಡಿ. ಮಂದಿರದಲ್ಲಿ ಬೇರೆ ಪ್ಲಗ್ಗುಗಳಿದ್ದರೆ ಅವನ್ನೂ ಬಿಚ್ಚಿ ನೋಡಿ. ಆ ಹುಡುಗರು ಇನ್ನೆಷ್ಟು ಪಿನ್ ತೆಗೆದಿದ್ದಾರೋ ಕೇಳಿ ಹೇಳಿ.